ಅತ್ತೆಯ ಕವಡೆಗೊಂದು ಪ್ರೋಗ್ರಾಂ

ಗಣಿತ ಕಲಿಸುವವರಿಗೆ ಯಂತ್ರಗಳ ಭಯ ಇರುವುದಿಲ್ಲ ಎಂದು ಜನ ಯಾಕೆ ತಿಳಿದಿದ್ದಾರೋ ಕಾಣೆ. ಧಾರವಾಡದ ಕಾಲೇಜೊಂದರಲ್ಲಿ ಇಷ್ಟು ವರ್ಷ ಗಣಿತ ಕಲಿಸಿದ್ದರೂ ನಮ್ಮ ಮನೆಯ ವಾಷಿಂಗ್ ಮಷಿನ್ನಿನ ಅರ್ಧ ಗುಂಡಿಗಳನ್ನು ನಾನು ಇವತ್ತಿಗೂ ಮುಟ್ಟಿಲ್ಲ. ಅಂಥವಳ ಕೈಗೆ ವಿಭಾಗದವರು ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೊಟ್ಟು, "ಇದರಾಗ ಪ್ರೋಗ್ರಾಂ ಬರಿಯೂದು ಮೊದಲ ನೀವು ಕಲೀರಿ ಮೇಡಂ, ಆಮ್ಯಾಲೆ ಹುಡುಗರಿಗೆ ಹೇಳ್ರಿ" ಎಂದುಬಿಟ್ಟರು. ಅದನ್ನು ಚೀಲದಲ್ಲಿ ಹಾಕಿಕೊಂಡು ರಾಯಾಪುರದ ಮನೆಗೆ ಬಂದೆ.

ಮನೆಯಲ್ಲಿ ಅತ್ತೆ ಚೌಕಾಬಾರದ ಮಣೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನಿವೃತ್ತ ಶಿಕ್ಷಕಿ, ಸಂಜೆಯ ಆಟ ತಪ್ಪಿಸಿದವರಲ್ಲ. ಈಚೆಗೆ ಕೈ ನಡುಗಿ ಕವಡೆಗಳು ಸೋಫಾದ ಕೆಳಗೆ ಹಾರುತ್ತಿದ್ದವು. "ಸಾಕ ಬಿಡವಾ, ಇನ್ನ ಆಡಂಗಿಲ್ಲ" ಎಂದರು. ನಾನು ಚೀಲದಿಂದ ಕ್ಯಾಲ್ಕುಲೇಟರ್ ತೆಗೆದೆ. ಕವಡೆ ಹಾಕುವ ಕೆಲಸವನ್ನು ಈ ಯಂತ್ರಕ್ಕೇ ಕಲಿಸಿದರೆ?

ಲೆಕ್ಕ ಸರಳ. ನಾಲ್ಕು ಕವಡೆ, ಎಷ್ಟು ಮೇಲ್ಮುಖವಾಗಿ ಬೀಳುತ್ತವೋ ಅಷ್ಟು ಮನೆ, ಎಲ್ಲವೂ ಬೋರಲಾದರೆ ಎಂಟು. ಬರೆದೆ. ಯಂತ್ರ ತಪ್ಪು ಎಂದಿತು. ಮತ್ತೆ ಬರೆದೆ. ಮತ್ತೆ ತಪ್ಪು.

"ಏನಂತೈತಿ?" ಅತ್ತೆ ಕೇಳಿದರು.

"ತಪ್ಪ ಅಂತೈತ್ರಿ."

"ಯಾರದು?"

"ನಂದರಿ."

"ಛಲೋ ಐತಿ. ನಿನಗ ಎದುರ ಹೇಳಾವ್ರು ಈ ಮನ್ಯಾಗ ಒಬ್ರರ ಬೇಕಿತ್ತು."

ಮುಚ್ಚದೆ ಬಿಟ್ಟಿದ್ದ ಒಂದು ಆವರಣ ಚಿಹ್ನೆ ಹಾಕಿದ ಮೇಲೆ ಓಡಿತು. ಮೊದಲು ಮೂರು ಬಿತ್ತು. ಅತ್ತೆ ಕಾಯಿ ನಡೆಸಿದರು. ಆಮೇಲೆ ಐದು; ಅತ್ತೆ ಹುಬ್ಬೇರಿಸಿದರು. ಆಮೇಲೆ ಒಂಬತ್ತು.

"ನಾಕ ಕವಡಿಯೊಳಗ ಒಂಬತ್ತ ಹೆಂಗ ಬಿದ್ದೀತು?"

ನೋಡಿದರೆ, ಪ್ರತಿ ಸಲ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಬೇಕೆಂದು ನಾನು ಹೇಳಿಯೇ ಇರಲಿಲ್ಲ. ಹಳೆಯದಕ್ಕೆ ಹೊಸದನ್ನು ಕೂಡಿಸುತ್ತ ಹೋಗಿತ್ತು. ವಿವರಿಸಿದಾಗ ಅತ್ತೆ, "ಹಿಂದಿಂದು ಒಂದೂ ಮರಿಯಂಗಿಲ್ಲೇನು? ಥೇಟ್ ನಿನ್ನಂಗ" ಎಂದು ನಕ್ಕರು.

ಸರಿಪಡಿಸಿದೆ. ಆಟ ಮತ್ತೆ ಶುರುವಾಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಅವರ ಮುಖದ ಖುಷಿ ನೋಡಿ ಅದನ್ನು ಇನ್ನಷ್ಟು ಹೆಚ್ಚಿಸುವ ದುರಾಸೆ ನನಗೆ ಹುಟ್ಟಿತು. ಯಂತ್ರದ ಒಂದನೇ ಗುಂಡಿ ಒತ್ತಿದರೆ ಅವರ ಕವಡೆ, ಎರಡನೆಯದು ಒತ್ತಿದರೆ ನನ್ನದು. ನನಗೆ ಎಂಟು ಬಿದ್ದರೆ ಒಂದೆಂದು ತೋರಿಸು ಎಂಬ ಸಾಲನ್ನು ಗುಟ್ಟಾಗಿ ಸೇರಿಸಿದೆ. ಅತ್ತೆ ದಿನಾ ಗೆದ್ದರು. ನಾನು ದಿನಾ ಮುಖ ಸಪ್ಪೆ ಮಾಡಿಕೊಂಡೆ.

ಒಂದು ಸಂಜೆ ಅವರು, "ಇವತ್ತ ನಿನ್ನ ಗುಂಡಿ ನಂಗಿರಲಿ" ಎಂದರು. ಬೇಡವೆನ್ನಲು ಕಾರಣ ಸಿಗಲಿಲ್ಲ. ಆಟ ಮುಗಿಯುವವರೆಗೂ ಅವರಿಗೆ ಒಂದೂ ಎಂಟು ಬೀಳಲಿಲ್ಲ. ಕ್ಯಾಲ್ಕುಲೇಟರನ್ನು ಮಣೆಯ ಮೇಲೆ ಮೆಲ್ಲಗೆ ಬೋರಲು ಹಾಕಿದರು.

"ನಡಗೂದು ನನ್ನ ಕೈ, ತಂಗಿ. ತಲಿ ಅಲ್ಲ."

 ಅವರೆದುರೇ ಆ ಸಾಲನ್ನು ಅಳಿಸಿದೆ. ಅವರು ಕನ್ನಡಕ ಏರಿಸಿಕೊಂಡು ಪರದೆಯನ್ನು ಪರೀಕ್ಷಿಸಿ, "ಹಾಂ, ಈಗ ಹಾಕು" ಎಂದರು.

ಅವತ್ತು ನನಗೆ ಎಂಟರ ಮೇಲೆ ಎಂಟು ಬಿದ್ದವು. ಆದರೂ ನನ್ನ ಕಾಯಿಗಳನ್ನೆಲ್ಲ ಕಡಿದು ಅತ್ತೆಯೇ ಗೆದ್ದರು. ಈಗಲೂ ಹೆಚ್ಚುಕಡಿಮೆ ಹಾಗೇ ನಡೆದಿದೆ. ಒಂದೇ ತೊಂದರೆ: ಬೇಕಂತಲೇ ಸೋಲುತ್ತೇನೆ ಎಂದು ಗಂಡನ ಮುಂದೆ ಹೇಳಿಕೊಳ್ಳಲು ಇದ್ದ ಒಂದು ನೆಪವೂ ಹೋಯಿತು.