ಸಬ್ಬತ್ತಿಗೆ ಒಂದು ಬೆರಳು ಮುಂಚೆ

ಜೇಬೆಜ್ ಪ್ರೌಟನ ಹೆಂಡತಿಯ ಹೆಸರು ಸೈಲೆನ್ಸ್, ಅಂದರೆ ಮೌನ. ಆ ಶನಿವಾರ ಮಧ್ಯಾಹ್ನ ಹೆರಿಗೆನೋವು ಶುರುವಾದದ್ದೇ ತಡ, ಅವಳಿಗೂ ಹೆಸರಿಗೂ ನಂಟು ಕಡಿದುಹೋಯಿತು. ಅವಳ ಕೂಗು ಕೊಲ್ಲಿಯಾಚೆಗೂ ಕೇಳಿಸುವಂತಿತ್ತು.

ಜೇಬೆಜನಿಗೆ ಕೂಗಿಗಿಂತ ಸೂರ್ಯನ ಭಯ ಹೆಚ್ಚು. ಚಳಿಗಾಲದ ಸೂರ್ಯ, ಬಂದಂತೆ ಮಾಡಿ ಹೊರಟುಬಿಡುವ ನೆಂಟನ ಹಾಗೆ, ಆಗಲೇ ಗುಡ್ಡದ ಕಡೆಗೆ ಜಾರುತ್ತಿದ್ದ. ಅವನು ಮುಳುಗಿದನೆಂದರೆ ಸಬ್ಬತ್ತು ಶುರು, ಭಾನುವಾರ ಹೊತ್ತು ಮುಳುಗುವವರೆಗೂ. ಮಗು ಯಾವ ವಾರ ಹುಟ್ಟುತ್ತದೋ ಅದೇ ವಾರ ಬಸಿರು ನಿಂತಿರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಸಬ್ಬತ್ತಿನಲ್ಲಿ ಹುಟ್ಟಿತೋ, ತಂದೆತಾಯಿ ದೇವರ ದಿನದಲ್ಲಿ ಮಾಡಬಾರದ್ದು ಮಾಡಿದರೆಂದೇ ಲೆಕ್ಕ. ಅಂಥ ಮಗುವಿಗೆ ಪಾದ್ರಿಗಳು ದೀಕ್ಷಾಸ್ನಾನ ಕೊಡುತ್ತಿರಲಿಲ್ಲ; ಅದಿಲ್ಲದೆ ಸತ್ತವರಿಗೆ ಸ್ವರ್ಗವಿಲ್ಲ.

ಅವರ ಮೊದಲ ಮಗು ಹಣೆಗೆ ಆ ನೀರು ಬೀಳುವ ಮುಂಚೆಯೇ ಕಣ್ಣು ಮುಚ್ಚಿತ್ತು. ಅದು ಎಲ್ಲಿಗೆ ಹೋಯಿತು ಎಂದು ಸೈಲೆನ್ಸ್ ಈಗಲೂ ಒಮ್ಮೊಮ್ಮೆ ರೊಟ್ಟಿ ನಾದುತ್ತಾ ಕೇಳುತ್ತಿದ್ದಳು. ಜೇಬೆಜ್ ಸೌದೆ ತರಲು ಎದ್ದುಹೋಗುತ್ತಿದ್ದ.

"ಏನ್ ಗಂಡಸಯ್ಯಾ ನೀನು, ಬಾಗಿಲಲ್ಲಿ ಗೂಟದ ಹಾಗೆ ನಿಂತಿದ್ದೀಯ?" ನೆರೆಮನೆಯ ಮೆಹಿಟಬೆಲ್ ಹೊರಬಂದು ಗದರಿದಳು. ಹೆರಿಗೆಗೆ ಬರುವ ಹೆಂಗಸರಿಗೆಂದು ಮಾಡಿಟ್ಟಿದ್ದ ಬಿಯರಿನಲ್ಲಿ ಅರ್ಧ ಪೀಪಾಯಿ ಅವಳೊಬ್ಬಳ ಹೊಟ್ಟೆಯಲ್ಲಿತ್ತು. "ಮನೇಲಿರೋ ಗಂಟುಗಳ್ನೆಲ್ಲ ಬಿಚ್ಚು. ಗಂಟು ಬಿಚ್ಚಿದ್ರೆ ಗರ್ಭ ಬಿಚ್ಚುತ್ತೆ. ಪಾದ್ರಿಗಳಿಗೆ ಮಾತ್ರ ಉಸುರ್ಬೇಡ, ಮಾಟ ಅಂತಾರೆ."

ಜೇಬೆಜ್ ಬಿಚ್ಚತೊಡಗಿದ. ಹಿಟ್ಟಿನ ಚೀಲ, ಈರುಳ್ಳಿಯ ಗೊಂಚಲು, ಬೂಟಿನ ದಾರ, ಕೊನೆಗೆ ತನ್ನ ಚಲ್ಲಣದ ಲಾಡಿ. ಮಗು ಬರಲಿಲ್ಲ. ಕೊಟ್ಟಿಗೆಗೆ ಓಡಿ ಹಸುವಿನ ಹಗ್ಗವನ್ನೂ ಬಿಚ್ಚಿದ. ಹಸು ನೆಟ್ಟಗೆ ಪಾದ್ರಿಗಳ ಹಿತ್ತಲಿಗೆ ನಡೆದು, ಬೇಲಿಯ ಮೇಲೆ ಒಣಗಹಾಕಿದ್ದ ಅವರ ಬಿಳಿ ಕೊರಳಪಟ್ಟಿಯನ್ನು ಮೆಲ್ಲತೊಡಗಿತು.

ಹಸುವನ್ನು ಎಳೆದು ತಂದವನು ಸಬ್ಬತ್ತಿನ ಕಾವಲುಗಾರ ಎಲ್ಕಾನಾ ಕ್ರಂಪ್. ಪಾದ್ರಿಗಳ ಪ್ರಸಂಗದ ನಡುವೆ ತೂಕಡಿಸುವವರ ತಲೆಗೆ ಗುಂಡುತುದಿಯ ಕೋಲಿನಿಂದ ಮೊಟಕುವುದು ಅವನ ಕೆಲಸ. ಹೋದ ವಸಂತದಲ್ಲಿ, ಜೇಬೆಜ್ ಹೊಳೆಯಾಚೆ ಮರ ಕೊಯ್ಯುವ ಗಿರಣಿಯಲ್ಲಿ ದುಡಿಯುತ್ತಿದ್ದಾಗ, ಶನಿವಾರ ಹೊತ್ತು ಮುಳುಗಿದ ಮೇಲೆ ಊರು ಸೇರುತ್ತೀಯೆಂದು ವಾರವಾರವೂ ಹಿಡಿದು ಬೈದವನೂ ಇವನೇ.

"ಸಹೋದರಾ, ನಿನ್ನ ಹಸು ದೇವರ ಸೇವಕರ ಕೊರಳಪಟ್ಟಿ ತಿಂದಿದೆ. ನೀನು ಎರಡು ಕೈಲೂ ಚಲ್ಲಣ ಹಿಡ್ಕೊಂಡು ಏನ್ ಕುಣೀತಿದ್ದೀಯ?"

ಒಳಗಿನಿಂದ ಬೆಕ್ಕಿನ ಮರಿಯಷ್ಟು ಸಣ್ಣ ಅಳು ಕೇಳಿಸಿತು.

"ಎಲ್ಕಾನಾ, ಸೂರ್ಯನ್ನ ನೋಡು! ಇದಾನಾ, ಇಲ್ವಾ?"

ಎಲ್ಕಾನಾ ಒಂದು ಕಣ್ಣು ಮುಚ್ಚಿ ಗುಡ್ಡದ ಮೇಲೆ ಬೆರಳು ಅಡ್ಡ ಹಿಡಿದ. "ಒಂದು ಬೆರಳು ಇದಾನೆ."

"ನಾಳೆ ಸಭೇಲೂ ಹೇಳ್ತೀಯಾ?"

"ಕಂಡಿದ್ದನ್ನ ಹೇಳೋಕೇನು? ಹೇಳ್ತೀನಿ."

ಜೇಬೆಜ್ ಎರಡೂ ಕೈಯೆತ್ತಿ ದೇವರನ್ನು ಸ್ತುತಿಸಿದ. ಚಲ್ಲಣ ಕೆಳಗಿಳಿಯಿತು.

ಮರುದಿನ ಪ್ರಾರ್ಥನಾಮಂದಿರದಲ್ಲಿ ದೀಕ್ಷಾಸ್ನಾನದ ಬೋಗುಣಿಯ ನೀರು ಹೆಪ್ಪುಗಟ್ಟಿತ್ತು. ಬಾಣಂತಿ ಮನೆಯಲ್ಲಿ ಮಲಗಿದ್ದಳು. ಸೂಲಗಿತ್ತಿ ಡಾರ್ಕಸವ್ವ ಹಿಡಿಯಷ್ಟು ಹೆಣ್ಣುಮಗುವನ್ನು ತನ್ನ ಶಾಲಿನೊಳಗೆ ಬೆಚ್ಚಗೆ ಹಿಡಿದು ನಿಂತಿದ್ದಳು. ಮಗು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಕೊರಳಪಟ್ಟಿಯಿಲ್ಲದ ಪಾದ್ರಿಗಳು ಕೇಳಿದರು, "ಹುಟ್ಟಿದ್ದು ಯಾವಾಗ?"

"ಶನಿವಾರ, ಗುರುಗಳೇ. ಸೂರ್ಯ ಇನ್ನೂ ಒಂದು ಬೆರಳು ಮೇಲಿದ್ದ. ನಾನೇ ಸಾಕ್ಷಿ," ಎಂದ ಎಲ್ಕಾನಾ.

ಪಾದ್ರಿಗಳು ತಲೆದೂಗಿ, ಬೆರಳಿನಿಂದ ಮಂಜುಗಡ್ಡೆ ಒಡೆದರು. ಜೇಬೆಜನ ಕಣ್ಣು ತುಂಬಿ ಬಂತು.

ಎಲ್ಕಾನಾ ಮಾತ್ರ ಕೂರಲಿಲ್ಲ. ಅವನ ಪ್ರಾಮಾಣಿಕತೆ ಹಲ್ಲುನೋವಿನಂಥದ್ದು, ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಲ್ಲ.

"ಒಂದು ಸಂಶಯ, ಗುರುಗಳೇ. ಹುಟ್ಟಿದ್ದು ಶನಿವಾರ ಅಂದ್ರೆ ಬಸಿರು ನಿಂತಿದ್ದೂ ಶನಿವಾರ. ಹೋದ ವಸಂತದಲ್ಲಿ ಇವನು ಗಿರಣೀಲಿದ್ದ. ಸಬ್ಬತ್ತು ಶುರುವಾದ್ಮೇಲೆ ಊರಿಗೆ ಬರೋನು, ಮುಗಿದ ಕೂಡ್ಲೆ ಹೊರಟುಹೋಗೋನು. ಹಂಗಾದ್ರೆ ಶನಿವಾರ ಆ ಮನೇಲಿ ಇದ್ದೋರು ಯಾರು?"

ಮೆಹಿಟಬೆಲ್‌ಳ ಬಿಕ್ಕಳಿಕೆ ಥಟ್ಟನೆ ನಿಂತಿತು. ವ್ಯಭಿಚಾರಕ್ಕೆ ಆ ನಾಡಿನಲ್ಲಿ ನೇಣು. ಹೆಂಗಸರ ಕಣ್ಣುಗಳು ಒಂದೊಂದಾಗಿ ಮಗುವಿನ ಮೂಗಿನ ಕಡೆ ತಿರುಗಿ, ಯಾರದ್ದಿರಬಹುದೆಂದು ಹುಡುಕತೊಡಗಿದವು.

"ನಾನೇ ಇದ್ದೆ!" ಜೇಬೆಜ್ ಕಿರುಚಿದ.

"ಶನಿವಾರವೋ?" ಎಂದರು ಪಾದ್ರಿಗಳು.

"ಇಲ್ಲ ಗುರುಗಳೇ. ಸಬ್ಬತ್ತಿನಲ್ಲಿ. ಮಗು ನಂದೇ. ಪ್ರತಿ ಸಬ್ಬತ್ತಿನಲ್ಲೂ!"

ಹೆಂಗಸರು ಕಿವಿ ಮುಚ್ಚಿಕೊಂಡರು, ಪೂರ್ತಿ ಕೇಳಿಸಿಕೊಂಡ ಮೇಲೆ.

"ಮತ್ತೆ ಹುಟ್ಟಿದ್ದು ಶನಿವಾರ ಹೇಗಾಯಿತು?"

ಜೇಬೆಜ್ ಮಗುವನ್ನು ನೋಡಿದ. ಬೋಗುಣಿಯನ್ನು ನೋಡಿದ. ಮನೆಯಲ್ಲಿ ಮಲಗಿದವಳ ಕೊರಳನ್ನು ನೆನೆದ. "ಶನಿವಾರ ಅಲ್ಲ, ಗುರುಗಳೇ. ಸೂರ್ಯ ಮುಳುಗಿದ್ದ. ಎಲ್ಕಾನನ ಕಣ್ಣಿಗೆ ಪೊರೆ ಬಂದಿದೆ."

ಪಾದ್ರಿಗಳು ಒದ್ದೆ ಬೆರಳನ್ನು ನಿಲುವಂಗಿಗೆ ಒರೆಸಿಕೊಂಡರು.

ಸೋಮವಾರ ಊರ ನಡುವೆ ಒಂದೇ ಹಲಗೆಯ ಕೋಳದಲ್ಲಿ ನಾಲ್ಕು ಕಾಲುಗಳಿದ್ದವು. ಸಬ್ಬತ್ತು ಕೆಡಿಸಿದ್ದಕ್ಕೆ ಜೇಬೆಜನವು ಎರಡು, ಸುಳ್ಳು ಸಾಕ್ಷಿಗೆ ಎಲ್ಕಾನನವು ಎರಡು. ಹಿಮ ಬೀಳುತ್ತಿತ್ತು. ಡಾರ್ಕಸವ್ವ ಬಂದು ಜೇಬೆಜನ ಹೆಗಲಿಗೆ ಕಂಬಳಿ ಹೊದಿಸಿದಳು.

"ಮಗೂ ಹಣೆಗೆ ನೀರು ಬಿತ್ತಾ ಅಂತ ಸೈಲೆನ್ಸ್ ಕೇಳ್ತಿದ್ದಾಳೆ ಕಣಪ್ಪಾ. ಏನ್ ಹೇಳ್ಲಿ?"

ಇಲ್ಲಿಂದ ಸೌದೆ ತರಲು ಎದ್ದುಹೋಗುವಂತಿರಲಿಲ್ಲ. ಜೇಬೆಜ್ ಕಾಲಮೇಲಿನ ಹಿಮ ಕೊಡವಿದ. ಡಾರ್ಕಸವ್ವ ಹೊರಟುಹೋದಳು.

"ಸೂರ್ಯ ಇದ್ದ," ಎಂದ ಎಲ್ಕಾನಾ ಹಲ್ಲು ಕಟಕಟಿಸುತ್ತಾ. "ಒಂದು ಬೆರಳು. ನಾನು ಕಂಡಿದ್ದೀನಿ."

"ಇದ್ದ ಕಣೋ," ಎಂದು ಜೇಬೆಜ್ ಕಂಬಳಿಯ ಅರ್ಧವನ್ನು ಅವನ ಮೇಲೆ ಎಳೆದ. "ನನ್ನ ಮಗಳೇ ಒಂದು ಬೆರಳು ಮುಂಚೆ ಬಂದ್ಬಿಟ್ಲು, ಅವಳಿಗೆ ಇನ್ನೂ ವಾರ ಎಣಿಸೋಕೆ ಬರಲ್ಲ."