ತಕಾಮೊ ಕಾರು ಕೆಟ್ಟ ಆದಿತ್ಯವಾರ

ದುಗ್ಗಪ್ಪ: ಒಂದು ದಿನ, ಬಾವಾಕ. ಒಂದೇ ಒಂದು ದಿನ ನನ್ನ ಶೆಡ್ಡಿನ ಒಳಗೆ ನಿಲ್ಲಿಸಿ. ನಾನು ಅದನ್ನು ಮುಟ್ಟುವುದೂ ಇಲ್ಲ.

ಬಾವ: ಮುಟ್ಟದೆ ನಿಲ್ಲಿಸ್ಲಿಕ್ಕೆ ನನ್ನ ಮನೆಯಲ್ಲಿ ಜಾಗ ಇಲ್ವಾ?

ದುಗ್ಗಪ್ಪ: ನಿಮ್ಮ ಮನೆಯಲ್ಲಿ ನಿಂತದ್ದು ಯಾರಿಗೆ ಕಾಣ್ತದೆ? ಇಲ್ಲಿ ಆದರೆ ನಾಲ್ಕು ಜನಕ್ಕೆ ಕಾಣ್ತದೆ.

ಬಾವ: ಅದಕ್ಕೇ ಬೇಡ ಹೇಳುವುದು. ನಾನು ಗಾಡಿಯನ್ನು ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸಿ ನಡೆದುಕೊಂಡು ಬಂದದ್ದು ಯಾಕೆ ಅಂತ ತಿಳ್ಕೊಂಡಿದ್ದೀ?

ದುಗ್ಗಪ್ಪ ರಸ್ತೆಯ ಆಚೆ ನೋಡಿದ. ಹಲಸಿನ ಮರದ ನೆರಳಿನಲ್ಲಿ ಅದು ನಿಂತಿತ್ತು, ಊಟ ಮುಗಿಸಿ ಅಡಿಕೆ ಹಾಕಿಕೊಂಡವರ ಹಾಗೆ ನೆಮ್ಮದಿಯಾಗಿ.

ಮಣ್ಣಗುಡ್ಡದ ಮೆಕ್ಯಾನಿಕ್ ದುಗ್ಗಪ್ಪನಿಗೆ ಊರಿನ ಬೇರೆ ಯಾವ ಕಾರಿನ ಮೇಲೂ ಸಿಟ್ಟಿರಲಿಲ್ಲ. ಕೆಮ್ಮುವ ಕಾರು, ಕುಂಟುವ ಕಾರು, ಏರು ಕಂಡೊಡನೆ ಬೆವರುವ ಕಾರು, ಎಲ್ಲವೂ ಅವನಿಗೆ ಮಕ್ಕಳಂತೆ. ಬಂದರಿನ ಮರದ ವ್ಯಾಪಾರಿ ಅಹ್ಮದ್ ಬಾವ ಅವರ ತಕಾಮೊ ಒಂದೇ ಅವನ ನಿದ್ದೆ ಕೆಡಿಸಿದ್ದು. ನಾಲ್ಕು ವರ್ಷದ ಹಿಂದೆ ಬಾವರ ಭಾವಮೈದ ಅಲಿಯಬ್ಬ ಕುವೈಟಿನಿಂದ ಹಡಗು ಹತ್ತಿಸಿ ತಂದ ಜಪಾನಿನ ಕಾರು ಅದು. ಸ್ಟೇರಿಂಗು ಎಡಗಡೆ. ಬಲಗಡೆ ಕೂರುವ ಬಾವರ ಹೆಂಡತಿ ಐಸಮ್ಮನೇ ಕಾರು ಬಿಡುತ್ತಿದ್ದಾರೆಂದು ತಿಳಿದ ಹಂಪನಕಟ್ಟೆಯ ಪೊಲೀಸಿನವನು ಮೊದಲ ದಿನ ಸೀಟಿ ಊದುವುದನ್ನೇ ಮರೆತು ಸಲಾಮು ಹೊಡೆದಿದ್ದ.

ಆ ಕಾಲದಲ್ಲಿ ‘ಜಪಾನ್ ಮಾಲು’ ಎಂದರೆ ಅಂಗಡಿಯಲ್ಲಿ ಕೊಂಡು ಮನೆ ಮುಟ್ಟುವುದರೊಳಗೆ ಕಿವಿ ಉದುರುವ ತಗಡಿನ ಆನೆ. ಆದ್ದರಿಂದ ದುಗ್ಗಪ್ಪ ಪೆಟ್ರೋಲ್ ಬಂಕಿನಲ್ಲಿ, ಕಾರಿನ ಯಜಮಾನರೆಲ್ಲ ಕೂತಿದ್ದಾಗ, ಯಾರೂ ಕೇಳದಿದ್ದರೂ ಘೋಷಿಸಿಬಿಟ್ಟ: “ಇದು ಆರು ತಿಂಗಳಲ್ಲಿ ನನ್ನ ಶೆಡ್ಡಿಗೆ ಬರದಿದ್ದರೆ ನಾನು ಸ್ಪಾನರ್ ಕೆಳಗಿಟ್ಟು ಹೆಂಗಸರ ಜತೆ ಬೀಡಿ ಕಟ್ಲಿಕ್ಕೆ ಕೂತುಕೊಳ್ತೇನೆ.” ಆರು ತಿಂಗಳು ಹೋಯಿತು. ನಾಲ್ಕು ವರ್ಷವೂ ಹೋಯಿತು. ಈಗ ದಾರಿಯಲ್ಲಿ ಸಿಕ್ಕವರೆಲ್ಲ ಅವನ ಕ್ಷೇಮ ಕೇಳುವ ಬದಲು ಬೀಡಿಯ ಎಲೆ ಬೇಕಾ ಎಂದು ಕೇಳುತ್ತಿದ್ದರು. ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿ ಬಾಗಿಯಂತೂ ಬಾಯಿ ಬಿಟ್ಟು ಏನೂ ಹೇಳುವವಳಲ್ಲ. ಅವನು ಬಂದ ಕೂಡಲೇ ಬೀಡಿ ಎಲೆಯ ಗೆರಸೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡುತ್ತಿದ್ದಳು. ಅಷ್ಟೇ.

ಬಾವ: ಅದಿರಲಿ ದುಗ್ಗಪ್ಪ. ನಾನು ಬಂದದ್ದು ಬೇರೆ ವಿಷಯಕ್ಕೆ. ಕಾರಿನಲ್ಲಿ ಒಂದು ತೊಂದರೆ ಉಂಟು.

ದುಗ್ಗಪ್ಪನ ಕೈಯಲ್ಲಿದ್ದ ಸ್ಪಾನರು ಬಕೆಟ್ಟಿನೊಳಗೆ ಬಿತ್ತು.

ದುಗ್ಗಪ್ಪ: ತೊಂದರೆಯಾ? ತಕಾಮೊದಲ್ಲಾ? ಕೂತುಕೊಳ್ಳಿ ಬಾವಾಕ, ಮೊದಲು ಕೂತುಕೊಳ್ಳಿ. ಎಷ್ಟು ದಿನ ಆಯ್ತು?

ಬಾವ: ನಾಲ್ಕು ವರ್ಷ.

ದುಗ್ಗಪ್ಪ: ಇಷ್ಟು ಸಮಯ ಮುಚ್ಚಿಟ್ಟದ್ದಾ? ಇಂಥದ್ದನ್ನು ಮುಚ್ಚಿಡ್ಲಿಕ್ಕೆ ಉಂಟಾ? ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಂತ ಆಗ್ತದೆ?

ಬಾವ: ಸ್ಟಾರ್ಟ್ ಆಗ್ತದೆ.

ದುಗ್ಗಪ್ಪ: ಏರಿನಲ್ಲಿ?

ಬಾವ: ಏರ್ತದೆ.

ದುಗ್ಗಪ್ಪ: ಮಳೆಗಾಲದಲ್ಲಿ?

ಬಾವ: ಒದ್ದೆ ಆಗ್ತದೆ.

ದುಗ್ಗಪ್ಪ: ಮತ್ತೆ ತೊಂದರೆ ಎಂತದ್ದು?

ಬಾವ: ಇದೇ ತೊಂದರೆ ಮಾರಾಯ. ಆದಿತ್ಯವಾರ ಬಂಕಿನ ಬೆಂಚಿನಲ್ಲಿ ನಾವು ಕಾರಿನವರು ಕೂತುಕೊಳ್ಳುವುದು ನಿನಗೆ ಗೊತ್ತುಂಟಲ್ಲ. ವಕೀಲರು ಶಿರಾಡಿಯಲ್ಲಿ ರಾತ್ರಿಯಿಡೀ ನಿಂತ ಕತೆ ಹೇಳ್ತಾರೆ. ಡಾಕ್ಟ್ರು ಹುಲಿ ಕೂಗುವಾಗ ಕಾರಿನ ಅಡಿಗೆ ನುಗ್ಗಿದ ಕತೆ ಹೇಳ್ತಾರೆ. ಆಮೇಲೆ ಎಲ್ಲರೂ ನನ್ನ ಮುಖ ನೋಡ್ತಾರೆ. ನಾನು ಎಂತ ಹೇಳುವುದು? ಹೋದೆ, ಬಂದೆ. ನಾಲ್ಕು ವರ್ಷದಿಂದ ನನ್ನ ಪುರಾಣ ಇಷ್ಟೇ.

ದುಗ್ಗಪ್ಪ: ಒಳ್ಳೆ ಹೆಸರಲ್ವಾ ಅದು?

ಬಾವ: ಹೆಸರಾ? ನಾನು ಸುಳ್ಳು ಹೇಳ್ತೇನೆ ಅಂತ ಅವರ ಲೆಕ್ಕ. ಮದುವೆಗೆ ಮುಂಚೆ ಹುಡುಗಿಯ ಮೂರ್ಛೆರೋಗ ಅಡಗಿಸಿದ ಹಾಗೆ ನಾನು ಕಾರಿನ ರೋಗ ಅಡಗಿಸಿದ್ದೇನಂತೆ. ವಕೀಲರು ಇನ್ನೂ ಒಂದು ಹುಡುಕಿ ತಂದಿದ್ದಾರೆ. ತಕಾಮೊದವರು ಮೊದಲು ಮಗ್ಗ ಮಾಡ್ತಿದ್ದವರಂತೆ. ಮಗ್ಗದವರ ಕಾರು, ಒಂದು ದಿನ ಎಳೆ ಎಳೆಯಾಗಿ ಬಿಚ್ಚಿಹೋಗ್ತದೆ ಅಂತ.

ದುಗ್ಗಪ್ಪ: ನೀವು ಸುಮ್ಮನೆ ಕೂತಿರಾ?

ಬಾವ: ನಾನು ಸುಮ್ಮನೆ ಕೂರುವ ಜನವಾ? ಬಾಸೆಲ್ ಮಿಶನಿನವರು ಹಂಚೂ ಸುಟ್ಟರು, ಬಟ್ಟೆಯೂ ನೇಯ್ದರು. ನಿಮ್ಮ ಮಾಡಿನ ಹಂಚು ಒಗೆದರೆ ಬಣ್ಣ ಹೋಗ್ತದಾ ವಕೀಲ್ರೆ, ಅಂದೆ.

ದುಗ್ಗಪ್ಪ: ಭಾರೀ ಮಾತು. ವಕೀಲರು ಎಂತ ಹೇಳಿದ್ರು?

ಬಾವ: ವಕೀಲರು ಎಲ್ಲಿದ್ರು? ಈ ಮಾತು ನನಗೆ ನೆನಪಾದದ್ದು ಮನೆಗೆ ಬಂದ ಮೇಲೆ. ಐಸಮ್ಮನ ಹತ್ತಿರ ಹೇಳಿದೆ.

ದುಗ್ಗಪ್ಪನ ತಲೆಯೊಳಗೆ ಏನೋ ಒಂದು ತಿರುಪು ತಾನಾಗಿ ಬಿಗಿಯಾಯಿತು. ಕಾರು ಕೆಡಬೇಕೆಂಬ ಆಸೆ ಇಡೀ ಮಂಗಳೂರಿನಲ್ಲಿ ತನಗೊಬ್ಬನಿಗೇ ಎಂದು ಅವನು ತಿಳಿದಿದ್ದ. ಕಾರಿನ ಧಣಿಯೇ ಜತೆಗಿರುವಾಗ ಹೆದರುವುದೇಕೆ?

ದುಗ್ಗಪ್ಪ: ಹಾಗಾದರೆ ಕೆಟ್ಟಿತು ಅಂತ ಮಾಡುವ.

ಬಾವ: ಅದನ್ನೇ ಹೇಳ್ಲಿಕ್ಕೆ ಬಂದದ್ದು. ಆದರೆ ಮರ್ಯಾದೆಯಲ್ಲಿ ಕೆಡಬೇಕು. ಆಗುಂಬೆ ಘಾಟಿ, ಒಂಬತ್ತನೆಯ ತಿರುವು.

ದುಗ್ಗಪ್ಪ: ಆಗುಂಬೆ ಆಗ್ಲಿಕ್ಕಿಲ್ಲ. ಅಲ್ಲಿ ಕೆಟ್ಟರೆ ಅಲ್ಲಿನ ಮೆಕ್ಯಾನಿಕನಿಗೆ ಹೆಸರು. ಇಲ್ಲೇ ಮಣ್ಣಗುಡ್ಡದ ತಿರುವಿನಲ್ಲಿ ಕೆಡ್ಲಿ.

ಬಾವ: ಮಣ್ಣಗುಡ್ಡದಲ್ಲಿ ಎಮ್ಮೆಯೂ ಕೆಡ್ತದೆ. ನಾಲ್ಕು ವರ್ಷ ಕಾದು ಇಲ್ಲಿ ಕೆಡುವುದಾ?

ದುಗ್ಗಪ್ಪ: ಹಾಗಾದರೆ ಹೀಗೆ. ಘಾಟಿಯಲ್ಲಿ ಪೆಟ್ಟು ತಿಂದದ್ದು, ಉಸಿರು ಹಿಡಿದುಕೊಂಡು ಇಲ್ಲೇ ಊರಿನ ಬದಿಯ ಕುಲಶೇಖರದವರೆಗೆ ಬಂದು ಅಲ್ಲಿ ಬಿದ್ದದ್ದು. ಪೆಟ್ಟು ನಿಮಗೆ, ಬಿದ್ದದ್ದು ನನಗೆ.

ಬಾವ: ಅದಾದೀತು. ಎಂತ ಹೋದದ್ದು? ಗ್ಯಾಸ್ಕೆಟ್ ಅಂತ ಹೇಳುವನಾ?

ದುಗ್ಗಪ್ಪ: ಗ್ಯಾಸ್ಕೆಟ್ ವಕೀಲರದ್ದು. ವರ್ಷಕ್ಕೆ ಎರಡು ಸಲ ಅವರದ್ದೇ ಹೋಗುವುದು. ನೀವು ಹೇಳಿದರೆ ಕದ್ದದ್ದು ಅಂತ ಆಗ್ತದೆ.

ಬಾವ: ಕಾರ್ಬುರೇಟರ್?

ದುಗ್ಗಪ್ಪ: ಡಾಕ್ಟ್ರದ್ದು.

ಬಾವ: ಕ್ಲಚ್ಚು?

ದುಗ್ಗಪ್ಪ: ತಹಶೀಲ್ದಾರರದ್ದು. ಅವರು ಅದನ್ನು ಯಾರಿಗೂ ಬಿಟ್ಟುಕೊಡ್ಲಿಕ್ಕಿಲ್ಲ.

ಬಾವ: ಮತ್ತೆ ನನಗೆ ಯಾವುದು ಉಳಿದದ್ದು ಮಾರಾಯ?

ದುಗ್ಗಪ್ಪ: ಡೈನಮೊ ಖಾಲಿ ಉಂಟು. ಇಂಜಿನಿಯರ್ ಒಬ್ಬರದ್ದು ಇತ್ತು, ಅವರಿಗೆ ವರ್ಗ ಆಯ್ತು.

ಡೈನಮೊ ಎಂಬ ಹೆಸರಿನ ಗಾಂಭೀರ್ಯಕ್ಕೆ ಬಾವ ಒಲಿದರು. ಆಚೆ ಬದಿಯ ಕಾರು ಈಚೆ ಬಂತು. ಬಂದದ್ದು ಎಂದಿನಂತೆ ಚೂರೂ ತಡವರಿಸದೆ. ದುಗ್ಗಪ್ಪ ಅದರ ಮೂತಿಯನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಬಾನೆಟ್ ತೆರೆಯುವ ಬಗೆ ತಿಳಿಯದೆ ಅವನು ಸುತ್ತಲೂ ತಡವುತ್ತಿರುವಾಗ ಬಾವರೇ ಒಳಗಿನಿಂದ ಏನೋ ಎಳೆದರು, ಅದು ತಾನಾಗಿ ಬಾಯಿ ತೆರೆಯಿತು. ದುಗ್ಗಪ್ಪ ಬಗ್ಗಿ ನೋಡಿದ. ಒಳಗಿದ್ದದ್ದೆಲ್ಲ ಅವನಿಗೆ ಪರಿಚಯದ ಮುಖಗಳೇ; ಒಂದೇ ವ್ಯತ್ಯಾಸ, ಇಲ್ಲಿ ಎಲ್ಲರೂ ಕೆಲಸ ಮಾಡುತ್ತಿದ್ದರು. ಅವನಿಗೆ ಸ್ವಲ್ಪ ಬೇಸರವಾಯಿತು.

ದುಗ್ಗಪ್ಪ: ನಿಮ್ಮ ಅಂಗಿಯ ತೋಳು ಈಚೆ ಕೊಡಿ. ಸ್ವಲ್ಪ ಗ್ರೀಸ್ ಹಚ್ಚುತ್ತೇನೆ.

ಬಾವ: ಹೊಸ ಅಂಗಿ.

ದುಗ್ಗಪ್ಪ: ಬಿಳಿ ಅಂಗಿಯವನ ಕಾರು ಕೆಟ್ಟದ್ದು ಯಾರು ನಂಬ್ತಾರೆ?

ಗ್ರೀಸು ಹತ್ತಿತು. ಅಷ್ಟರಲ್ಲಿ ರಸ್ತೆಯ ಕೊನೆಯಿಂದ ಗಾಡಿ ದೂಡುವವರ ‘ಐಸಾ’ ಎಂಬ ಕೂಗು ಕೇಳಿತು. ವಕೀಲ ನಿತ್ಯಾನಂದ ಪೈಗಳ ಇಂಗ್ಲೀಷ್ ಕಾರು ಬರುತ್ತಿತ್ತು. ಹಿಂದೆ ನಾಲ್ಕು ಜನ ದೂಡುತ್ತಿದ್ದರು. ಅವರ ಮುಂದಾಳು ಬಂದರಿನ ಹಮಾಲಿ ಮಮ್ಮು, ವಕೀಲರ ಕಾರನ್ನು ಎಲ್ಲಿ ಒತ್ತಿದರೆ ಹಗುರಾಗುತ್ತದೆಂದು ಬಲ್ಲವನು. ವಕೀಲರು ಸ್ಟೇರಿಂಗ್ ಹಿಡಿದು ಆನೆಯ ಮೇಲೆ ಕೂತವರ ಹಾಗೆ ಕೂತಿದ್ದರು. ಇಳಿದದ್ದೇ ತಡ, ಅವರ ಕಣ್ಣು ತೆರೆದ ಬಾನೆಟ್ಟಿನ ಮೇಲೆ ಬಿತ್ತು.

ವಕೀಲ: ಬಾವ, ಇದು ನಿಮ್ಮದಾ? ಕೆಟ್ಟಿತಾ?

ಬಾವ: ಡೈನಮೊ, ವಕೀಲ್ರೆ. ಆಗುಂಬೆಯಲ್ಲಿ.

ದುಗ್ಗಪ್ಪ: ಬಿದ್ದದ್ದು ಕುಲಶೇಖರದಲ್ಲಿ.

ವಕೀಲರು ಬಾವರನ್ನು ತಬ್ಬಿಕೊಂಡರು. ಅವರ ಕಣ್ಣಿನಲ್ಲಿ ನೀರಾಡುತ್ತಿತ್ತು.

ವಕೀಲ: ನಾಲ್ಕು ವರ್ಷ ನೀವು ನಮ್ಮ ಬೆಂಚಿನಲ್ಲಿ ಕೂತಿರಿ. ಇವತ್ತು ನೀವು ನಮ್ಮವರಾದಿರಿ. ಯಾವತ್ತು ಕೆಟ್ಟದ್ದು?

ಬಾವ: ಮೊನ್ನೆ.

ದುಗ್ಗಪ್ಪ: ಇವತ್ತು ಬೆಳಿಗ್ಗೆ.

ಸಿಕ್ಕಿಬಿದ್ದೆವು ಎಂದುಕೊಂಡ ದುಗ್ಗಪ್ಪ. ಮೂವತ್ತು ವರ್ಷ ಸಾಕ್ಷಿಗಳನ್ನು ಹಿಂಡಿದ ವಕೀಲರು. ಆದರೆ ಅವರು ತಲೆಯಾಡಿಸಿದರು.

ವಕೀಲ: ಸರಿಯೇ ಉಂಟು. ಕಾರು ಕೆಟ್ಟವನಿಗೆ ದಿನ ವಾರದ ನೆನಪು ಇರುವುದಿಲ್ಲ, ನನಗೂ ಹಾಗೆಯೇ. ಇಬ್ಬರೂ ಒಂದೇ ದಿನ ಹೇಳಿದ್ದರೆ ನಾನು ನಂಬ್ತಿರಲಿಲ್ಲ. ದುಗ್ಗಪ್ಪ, ನಿನ್ನ ಮಾತು ನಿಂತಿತು ಮಾರಾಯ. ಆರು ತಿಂಗಳಿಗೆ ಸ್ವಲ್ಪ ಹೆಚ್ಚಾಯ್ತು, ಅದು ತಪ್ಪಲ್ಲ. ಕೋರ್ಟಿನಲ್ಲಿ ಇದಕ್ಕಿಂತ ಹೆಚ್ಚು ಆಗ್ತದೆ.

ಮಮ್ಮು: ಹಾಗಾದರೆ ದುಗ್ಗಪ್ಪಣ್ಣ ಬೀಡಿ ಕಟ್ಲಿಕ್ಕಿಲ್ವಾ?

ವಕೀಲ: ಇಲ್ಲ. ನಾನು ಹೇಳ್ತೇನೆ, ಇಲ್ಲ.

ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ದುಗ್ಗಪ್ಪ ಬೆನ್ನು ನೆಟ್ಟಗೆ ಮಾಡಿದ. ಆ ಸುಖ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಇರಲಿಲ್ಲ. ವಕೀಲರು ಗಡಿಯಾರ ನೋಡಿಕೊಂಡರು. ಅವರ ಮುಖದ ಬಣ್ಣ ಇಳಿಯಿತು.

ವಕೀಲ: ದುಗ್ಗಪ್ಪ, ನನ್ನದನ್ನು ಈಗಲೇ ನೋಡು. ನಮ್ಮ ನಳಿನಾಕ್ಷಿಯನ್ನು ನೋಡ್ಲಿಕ್ಕೆ ಗಂಡಿನ ಕಡೆಯವರು ಕಾಸರಗೋಡಿನಿಂದ ಬರ್ತಾ ಇದ್ದಾರೆ. ಇನ್ನು ಕಾಲು ಗಂಟೆಗೆ ರೈಲು.

ದುಗ್ಗಪ್ಪ ಬಗ್ಗಿದ, ಮೂಸಿದ, ಎದ್ದ.

ದುಗ್ಗಪ್ಪ: ಗ್ಯಾಸ್ಕೆಟ್. ನಾಳೆ ಸಂಜೆ.

ವಕೀಲ: ಒಂದು ಬಾಡಿಗೆ ಕಾರಾದರೂ?

ಮಮ್ಮು: ಇವತ್ತು ಊರಿನಲ್ಲಿ ಏಳು ಮದುವೆ, ವಕೀಲ್ರೆ. ಒಂದೂ ಸಿಗ್ಲಿಕ್ಕಿಲ್ಲ. ಬೇಕಾದರೆ ಸ್ಟೇಷನಿನವರೆಗೆ ಇದನ್ನೇ ದೂಡ್ತೇವೆ.

ವಕೀಲ: ಸ್ವಂತ ಕಾರು ತಕ್ಕೊಂಡು ಬರ್ತೇನೆ ಅಂತ ಕಾಗದ ಬರೆದಿದ್ದೆ. ಗಂಡಿನ ತಾಯಿ ಕಾಲುನೋವಿನವರು. ದೂಡಿಸಿಕೊಂಡು ಹೋದರೆ ಎಂತ ತಿಳಿದುಕೊಂಡಾರು?

ಅವರು ಟಯರಿನ ಮೇಲೆ ಕುಸಿದು ಕೂತರು. ಬೆಂಚಿನ ಸಿಂಹ ಈಗ ಬರೀ ಒಂದು ಹೆಣ್ಣಿನ ತಂದೆ. ಬಾವ ದುಗ್ಗಪ್ಪನ ತೋಳು ಹಿಡಿದು ಬಾನೆಟ್ಟಿನ ಮರೆಗೆ ಎಳೆದರು.

ಬಾವ: ದುಗ್ಗಪ್ಪ, ರಿಪೇರಿ ಮಾಡು.

ದುಗ್ಗಪ್ಪ: ಎಂತದನ್ನು?

ಬಾವ: ಕೆಟ್ಟದ್ದನ್ನು.

ದುಗ್ಗಪ್ಪ: ಬಾವಾಕ, ನಾಲ್ಕು ವರ್ಷಕ್ಕೆ ಒಮ್ಮೆ ಸಿಕ್ಕಿದ್ದು. ಸಂಜೆಯವರೆಗಾದರೂ ಕೆಟ್ಟಿರಲಿ. ಬಂಕಿನ ಉಳಿದವರು ಯಾರೂ ನೋಡ್ಲೇ ಇಲ್ಲ.

ಬಾವ: ನನಗೆ ಬೇಸರ ಇಲ್ವಾ? ಆಗುಂಬೆಯ ಹುಲಿಯವರೆಗೆ ಕತೆ ಇನ್ನೂ ಬರ್ಲೇ ಇಲ್ಲ. ಆದರೆ ಹುಡುಗಿಯ ವಿಷಯ. ನನ್ನ ಮಗಳು ಮುಮ್ತಾಝಳಿಗೂ ನಾಳೆ ಯಾರಾದರೂ ಬರುವವರೇ.

ದುಗ್ಗಪ್ಪ ಬಾನೆಟ್ಟಿನ ಒಳಗೆ ತಲೆ ಹಾಕಿದ. ಕಣ್ಣಿನ ಮುಂದೆ ಬಾಗಿಯ ಗೆರಸೆ ಸುಳಿಯಿತು. ಒಂದು ಸ್ಪಾನರಿನಿಂದ ಇನ್ನೊಂದು ಸ್ಪಾನರಿಗೆ ಟಣ್ ಟಣ್ ಎಂದು ಮೂರು ಸಲ ಹೊಡೆದ, ಒಮ್ಮೆ ನರಳಿದ, ಬೆವರು ಒರೆಸಿಕೊಂಡು ಹೊರಗೆ ಬಂದ.

ದುಗ್ಗಪ್ಪ: ಒಂದು ಸಲ ನೋಡಿ ಬಾವಾಕ. ಹೇಳ್ಲಿಕ್ಕೆ ಆಗುವುದಿಲ್ಲ.

ಕೀಲಿ ತಿರುಗುವ ಮುಂಚೆಯೇ ಎಂಬಂತೆ ತಕಾಮೊ ಗುನುಗಿತು. ವಕೀಲರು ಬಲಗಡೆ ಹತ್ತಿ ಕೂತರು. ದೂರದಿಂದ ನೋಡಿದವರಿಗೆ ಕಾರು ಬಿಡುತ್ತಿರುವವರು ಅವರೇ. ಇದು ಅವರಿಗೂ ಹೊಳೆದಿರಬೇಕು, ತಿರುವಿನಲ್ಲಿ ಗಂಭೀರವಾಗಿ ಕೈ ಹೊರಗೆ ಚಾಚಿದರು.

ಎರಡು ಗಂಟೆ ಕಳೆದು ಕಾರು ಮರಳಿ ಬಂತು. ಅಷ್ಟರಲ್ಲಿ ಮಮ್ಮುವಿನ ಬಾಯಿಯಿಂದ ಸುದ್ದಿ ಹಬ್ಬಿ ಶೆಡ್ಡಿನ ಎದುರು ಹತ್ತು ಹನ್ನೆರಡು ಜನ ಸೇರಿದ್ದರು. ದುಗ್ಗಪ್ಪ ಅಂಗಿ ಬದಲಾಯಿಸಿ, ತಲೆ ಬಾಚಿ, ಹೊಗಳಿಕೆಗೆ ಸಿದ್ಧನಾಗಿ ನಿಂತಿದ್ದ. ವಕೀಲರು ನಗುತ್ತಲೇ ಇಳಿದರು. ಗಂಡಿನ ಕಡೆಯವರು ಒಪ್ಪಿದ್ದಾರೆ, ಪಾಯಸ ಎರಡನೆಯ ಸಲ ಹಾಕಿಸಿಕೊಂಡಿದ್ದಾರೆ ಎಂದರು.

ದುಗ್ಗಪ್ಪ: ಹಾಗಾದರೆ ವಕೀಲ್ರೆ, ನನ್ನ ಮಾತು ನಿಂತ ಹಾಗೆ ಅಲ್ವಾ? ಇವರಿಗೆಲ್ಲ ಒಮ್ಮೆ ನಿಮ್ಮ ಬಾಯಿಯಿಂದ ಹೇಳಿ.

ವಕೀಲರು ಗಂಟಲು ಸರಿಮಾಡಿಕೊಂಡರು. ಕೆಲಸ ಆಗಿತ್ತು, ಈಗ ಅವರು ಮತ್ತೆ ಬೆಂಚಿನವರು.

ವಕೀಲ: ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ, ದುಗ್ಗಪ್ಪ. ಇದು ಲೆಕ್ಕಕ್ಕೆ ಬರುವುದಿಲ್ಲ. ನೀನು ಬೀಡಿ ಕಟ್ಲಿಕ್ಕೆ ಕೂರುವುದೇ ನ್ಯಾಯ.

ದುಗ್ಗಪ್ಪ: ಕೆಟ್ಟದ್ದು ನೀವೇ ಕಣ್ಣಾರೆ ನೋಡಿದ್ದೀರಿ.

ವಕೀಲ: ನೋಡಿದ್ದೇನೆ. ನನ್ನ ಕಾರೂ ಅಲ್ಲಿ ಉಂಟು ನೋಡು, ಒಮ್ಮೆ ಕೆಟ್ಟರೆ ಹದಿನೈದು ದಿನ ಗಟ್ಟಿಯಾಗಿ ಕೆಟ್ಟು ನಿಲ್ತದೆ. ಇದು ಮೂರು ಪೆಟ್ಟಿಗೆ ಸರಿಯಾಯ್ತು. ನಾನು ಮೊದಲಿನಿಂದ ಹೇಳ್ತಾ ಬಂದದ್ದು ಇದನ್ನೇ, ಬಾವರಿಗೆ ಬೇಸರ ಆಗಬಾರದು. ಜಪಾನ್ ಮಾಲು ಮಾರಾಯ, ಕೆಟ್ಟದ್ದು ಕೂಡ ಬಾಳಿಕೆ ಬರ್ಲಿಲ್ಲ.