ಕೆಲಸದ ಅನುಮತಿ ಪಡೆದಿರುವ ಕುಮಾರಿ ಫ್ನು ಅವರಿಗೆ

ದಕ್ಷಿಣ ಫಿಲಡೆಲ್ಫಿಯಾ
ಸೆಪ್ಟೆಂಬರ್ 6, ಅಂದರೆ ಎಂಬತ್ತನಾಲ್ಕನೇ ದಿನ

ಮಾನ್ಯ ಕುಮಾರಿ ಫ್ನು ಅವರೇ,

ತಮ್ಮ ದಿವ್ಯ ಸನ್ನಿಧಾನಕ್ಕೆ, ಅಂಥದ್ದೊಂದು ಎಲ್ಲಾದರೂ ಇದ್ದ ಪಕ್ಷದಲ್ಲಿ, ನನ್ನ ನೂರೊಂದು ಸಲಾಮುಗಳು. ತಾವು ಕ್ಷೇಮವೆಂದು ಬಲವಾಗಿ ನಂಬಿದ್ದೇನೆ. ಹುಟ್ಟದೇ ಇರುವವರಿಗೆ ನೆಗಡಿಯೂ ಬರುವುದಿಲ್ಲವೆಂಬುದನ್ನು ನಾಲ್ಕು ವರ್ಷ ನರ್ಸಿಂಗ್ ಓದಿದ ನಾನು ಅರಿಯದವಳಲ್ಲ. ನನ್ನ ಕ್ಷೇಮಸಮಾಚಾರ ಮಾತ್ರ ಅಷ್ಟು ಚೆನ್ನಾಗಿಲ್ಲವಾದ್ದರಿಂದ ಈ ಬಹಿರಂಗ ಪತ್ರದ ಮೂಲಕ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿದ್ದೇನೆ. ಕ್ಷಮೆಯಿರಲಿ.

ನಾಲ್ಕು ವರ್ಷದಿಂದ ಒಂದೇ ಕಡತದಲ್ಲಿ ಬಾಳುತ್ತಿದ್ದರೂ ನಾವಿಬ್ಬರೂ ಒಮ್ಮೆಯೂ ಮುಖಾಮುಖಿಯಾಗಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾದು ಕಾದು ಸಾಕಾಗಿ, ನನ್ನ ಪರಿಚಯವನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ. ನಾನು ಲೆಗಿನಾ. ಅಷ್ಟೇ, ಹಿಂದೆ ಮುಂದೆ ಏನೂ ಇಲ್ಲ. ಜಾವಾದ ನಮ್ಮ ಕಡೆ ಒಬ್ಬರಿಗೆ ಒಂದು ಹೆಸರು ಧಾರಾಳವಾಗಿ ಸಾಕಾಗುತ್ತದೆ. ಅಪ್ಪನ ಹೆಸರು ಅಪ್ಪನಿಗೆ, ಊರಿನ ಹೆಸರು ಊರಿಗೆ. ಪಾಸ್‌ಪೋರ್ಟಿನಲ್ಲೂ ಅಷ್ಟೇ ಇತ್ತು. ಅದನ್ನು ಹಿಡಿದು ಜಕಾರ್ತದಲ್ಲಿ ವಿದ್ಯಾರ್ಥಿ ವೀಸಾ ಕೇಳಲು ನಿಂತಾಗ, ಅಮೆರಿಕದ ಅರ್ಜಿಯಲ್ಲಿ ಹೆಸರಿಗೆ ಎರಡು ಜಾಗವಿತ್ತು, ನನ್ನ ಕೈಯಲ್ಲಿ ಒಂದೇ ಹೆಸರಿತ್ತು. ಇದ್ದ ಒಂದನ್ನು ಮನೆತನದ ಹೆಸರಿನ ಜಾಗದಲ್ಲಿ ಕೂರಿಸಿದರು. ಮೊದಲ ಹೆಸರಿನ ಜಾಗ ಖಾಲಿ ಉಳಿದರೆ ಯಂತ್ರಕ್ಕೆ ಅಜೀರ್ಣವಾಗುತ್ತದಂತೆ. ಆದ್ದರಿಂದ 'ಮೊದಲ ಹೆಸರು ಗೊತ್ತಿಲ್ಲ' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಬರುವ ಮೂರು ಮೊದಲಕ್ಷರಗಳನ್ನು, ಎಫ್, ಎನ್, ಯು ಎಂದು, ಅಲ್ಲಿ ತುಂಬಿದರು. ಕುಮಾರಿ, ಅದೇ ತಮ್ಮ ಶುಭಜನನ. ತಾಯಿಗೆ ಬೇನೆಯಿಲ್ಲ, ಸೂಲಗಿತ್ತಿಗೆ ಸೀರೆಯಿಲ್ಲ, ಹುಟ್ಟುತ್ತಲೇ ತಾವು ನನಗಿಂತ ಮುಂದೆ ಹೋಗಿ ನಿಂತಿರಿ.

ನಮ್ಮಲ್ಲಿ ಹೆಸರಿಡುವುದು ಇಷ್ಟು ಸಸಾರದ ಕೆಲಸವಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ನಾನು ಹುಟ್ಟಿದಾಗ ನನ್ನ ಅಪ್ಪ ಹುರುಪಿನಲ್ಲಿ ಶ್ರೀ ರಹಾಯು ಕುಸುಮನಿಂಗ್ರುಮ್ ಎಂದು ಮಾರುದ್ದದ ಹೆಸರಿಟ್ಟಿದ್ದರು. ಏಳನೇ ತಿಂಗಳಲ್ಲಿ ನನಗೆ ಬಿಡದ ಜ್ವರ. ಅಜ್ಜಿ ಬಂದು ಹಣೆ ಮುಟ್ಟಿ ನೋಡಿ, "ಕೂಸಿಗೆ ಹೆಸರು ಭಾರ ಆಗೈತಲ್ಲೋ, ಮೊದ್ಲು ಅದನ್ನ ಇಳಿಸು" ಎಂದು ಅಪ್ಪನಿಗೆ ಗದರಿ, ತಾಳೆಬೆಲ್ಲ ಹಾಕಿ ಕೆಂಪು ಗಂಜಿ ಕಾಯಿಸಿ, ನಡುವೆ ಒಂದು ಚಮಚ ಬಿಳಿ ಗಂಜಿಯಿಟ್ಟು, ಏಳು ಮನೆಯವರನ್ನು ಕರೆದು ಉಣ್ಣಿಸಿ, ಆ ದಿನ ಐದು ದಿನದ ಸಂತೆವಾರದಲ್ಲಿ 'ಲೆಗಿ' ಆಗಿದ್ದರಿಂದ ಲೆಗಿನಾ ಎಂದು ಕರೆದರು. ಮಾರನೇ ದಿನವೇ ನಾನು ಹಾಲು ಕುಡಿದೆನಂತೆ. ಹೀಗೆ ಹೆಸರು ಕೊಡುವುದಕ್ಕೂ ಕಳೆಯುವುದಕ್ಕೂ ನಮ್ಮಲ್ಲಿ ಒಂದು ಬಟ್ಟಲು ಗಂಜಿಯಾದರೂ ಬೇಕು. ತಮ್ಮ ನಾಮಕರಣಕ್ಕೆ ಒಂದು ಲೋಟ ನೀರನ್ನೂ ಯಾರೂ ಕೊಟ್ಟ ನೆನಪಿಲ್ಲ.

ಆದರೇನು, ತಮ್ಮ ಪ್ರತಿಭೆಗೆ ಅದರಿಂದ ಕುಂದುಂಟಾಗಲಿಲ್ಲ. ಕಾಲೇಜಿನ ಹಾಜರಿಯಲ್ಲಿ "ಫನೂ ಲೆಗಿನಾ" ಎಂದು ಕೂಗಿದಾಗಲೆಲ್ಲ ಕೈ ಎತ್ತಿದ್ದು ನಾನು, ಹಾಜರಿ ಬಿದ್ದದ್ದು ತಮಗೆ. ಅಂಗರಚನೆಯ ಇನ್ನೂರಾರು ಎಲುಬುಗಳನ್ನು ಬಾಯಿಪಾಠ ಮಾಡಿದ್ದು ನಾನು, ಗೌರವಪಟ್ಟಿಯಲ್ಲಿ ಮಿಂಚಿದ್ದು ತಾವು. ಆಸ್ಪತ್ರೆಯ ವಾರ್ಡುಗಳಲ್ಲಿ ಹನ್ನೆರಡು ಗಂಟೆ ನಿಂತು ಮುದುಕರ ಬೆನ್ನುಹುಣ್ಣು ತೊಳೆದದ್ದನ್ನು ಈ ದೇಶದಲ್ಲಿ ಕೆಲಸವೆಂದು ಕರೆಯುವಂತಿಲ್ಲ. ಕೆಲಸವೆಂದರೆ ಅನುಮತಿ ಬೇಕು, ಸಂಬಳ ಕೊಡಬೇಕು. ಕಲಿಕೆಯೆಂದರೆ ಎರಡೂ ಬೇಡ. ಕಾಲೇಜಿನ ಕ್ಯಾಂಟೀನಿನಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮೀರದಂತೆ ತಟ್ಟೆ ತೊಳೆದೆನಲ್ಲ, ಅದು ಕೆಲಸ. ಮನುಷ್ಯರನ್ನು ತೊಳೆಯುವುದು ಪಾಠ, ತಟ್ಟೆ ತೊಳೆಯುವುದು ಉದ್ಯೋಗ ಎಂಬ ಈ ಸೂಕ್ಷ್ಮವನ್ನು ಕಂಡುಹಿಡಿದವರು ಯಾರೋ, ಅವರ ಬುದ್ಧಿಗೆ ದೃಷ್ಟಿ ತೆಗೆಯಬೇಕು.

ಆ ಪಾಠಗಳಲ್ಲಿ ಮೊದಲನೆಯದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಗುಳಿಗೆ ಕೊಡುವ ಮುನ್ನ ರೋಗಿಯ ಹೆಸರು, ಹುಟ್ಟಿದ ದಿನ ಎರಡನ್ನೂ ಅವರ ಬಾಯಿಂದಲೇ ಕೇಳಬೇಕು, ಕೈಗೆ ಕಟ್ಟಿದ ಪಟ್ಟಿಯಲ್ಲಿರುವುದಕ್ಕೆ ತಾಳೆ ನೋಡಬೇಕು, ಒಂದಕ್ಷರ ಹೆಚ್ಚುಕಮ್ಮಿಯಾದರೂ ಗುಳಿಗೆ ಕೊಡಕೂಡದು. ಇದನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ನಾಲ್ಕನೇ ಮಹಡಿಯ ಡಿಫಾಲ್ಕೊ ಎಂಬ ತೊಂಬತ್ತರ ಮುದುಕರು ನಾನು ಬಾಗಿಲಿಗೆ ಬರುವಷ್ಟರಲ್ಲೇ ಕೂಗುತ್ತಿದ್ದರು: "ಬಂದ್ಳು ನೋಡಪ್ಪ ಪೊಲೀಸಮ್ಮ! ಸಾಲ್ವತೋರೆ ಡಿಫಾಲ್ಕೊ, ಮಾರ್ಚಿ ಹತ್ತೊಂಬತ್ತು. ನಿನ್ನೇನೂ ಇದೇ ಹೆಸರಿತ್ತು ತಾಯಿ, ರಾತ್ರೋರಾತ್ರಿ ಬದಲಾಯ್ಸಿಲ್ಲ." ಅದೇ ವಾರ್ಡಿನವರು, ಓದು ಮುಗಿಯುತ್ತಲೇ ಇಲ್ಲಿಗೇ ಬಾ ಎಂದು ಮೇ ತಿಂಗಳಲ್ಲೇ ನನಗೆ ಕೆಲಸದ ಮಾತು ಕೊಟ್ಟರು. ನಾನು ಸಂತೋಷದಿಂದ ಅತ್ತೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇನ್ನು ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನರ್ಸ್ ಪರವಾನಗಿಯ ಪರೀಕ್ಷೆಗೆ ಅರ್ಜಿ ತುಂಬುವಾಗ ಅಲ್ಲೂ ಎರಡು ಜಾಗವಿತ್ತು. ತಮ್ಮನ್ನು ಅಲ್ಲಿಗೂ ಕರೆದು ತೊಂದರೆ ಕೊಡುವುದೇಕೆ ಎಂದುಕೊಂಡು ನನ್ನ ಬುಡೆಯನ್ನು ಕೇಳಿದೆ. ಬುಡೆ ಎಂದರೆ ಅಪ್ಪನ ಅಕ್ಕ. ಇಪ್ಪತ್ತೆಂಟು ವರ್ಷದಿಂದ ಈ ಬೀದಿಯಲ್ಲೇ ಇದ್ದು, ಸೋಯಾಕಾಳು ಹುದುಗಿಸಿ ತೆಂಪೆ ಮಾಡಿ ಮನೆಮನೆಗೆ ಮಾರುವ ಪೊನಿರಾ ಬುಡೆಯ ಮನೆಯಲ್ಲೇ ನನ್ನ ವಾಸ. "ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯಾ? ಎರಡ್ ಕಡೇನೂ ನಿನ್ ಹೆಸ್ರೇ ಬರಿ. ಒಂದೇ ತಟ್ಟೆಗೆ ಎರಡು ಸಲ ತೆಂಪೆ ಬಡಿಸಿದ್ರೆ ಯಾರಾದ್ರೂ ಬೇಡ ಅಂತಾರಾ?" ಎಂದರು. ಬರೆದೆ. ಪರೀಕ್ಷೆಯ ಬಾಗಿಲಲ್ಲಿ ಕೂತಿದ್ದವರು ಪಾಸ್‌ಪೋರ್ಟ್ ನೋಡಿ, ಒಂದು ಸಲ ಇದ್ದರೂ ಎರಡು ಸಲ ಇದ್ದರೂ ಹೆಸರು ಅದೇ ತಾನೇ ಎಂದು ಒಳಗೆ ಬಿಟ್ಟರು. ಪಾಸಾದೆ. ಲೆಗಿನಾ ಲೆಗಿನಾ ಎಂಬ ಹೆಸರಿಗೆ ಪರವಾನಗಿ ಬಂತು.

ಇತ್ತ ಜೂನ್ ಹದಿನೈದರಿಂದ ಒಂದು ವರ್ಷ ಈ ದೇಶದಲ್ಲಿ ದುಡಿಯಬಹುದೆಂಬ ಅನುಮತಿಯ ಕಾರ್ಡು ಅಂಚೆಯಲ್ಲಿ ಬಂತು. ಫೋಟೋ ನನ್ನದು, ಬೆರಳಚ್ಚು ನನ್ನದು, ಹೆಸರು ಮಾತ್ರ ಫ್ನು ಲೆಗಿನಾ. ಹೃತ್ಪೂರ್ವಕ ಅಭಿನಂದನೆಗಳು. ಕಾರ್ಡಿನ ಜೊತೆಗೆ ಒಂದು ಷರತ್ತೂ ಬಂತು: ಆ ದಿನದಿಂದ ಒಟ್ಟು ತೊಂಬತ್ತು ದಿನ ಮೀರಿ ಕೆಲಸವಿಲ್ಲದೆ ಇದ್ದರೆ ಹೊರಡಬೇಕು. ಓದಿದ ನಾಲ್ಕು ವರ್ಷ ದುಡಿದರೆ ತಪ್ಪು, ಓದು ಮುಗಿದ ಮೇಲೆ ತೊಂಬತ್ತು ದಿನ ದುಡಿಯದಿದ್ದರೆ ತಪ್ಪು.

ಕಾರ್ಡು, ಪರವಾನಗಿ ಎರಡನ್ನೂ ಹಿಡಿದು ಆಸ್ಪತ್ರೆಯ ಸಿಬ್ಬಂದಿ ವಿಭಾಗಕ್ಕೆ ಕುಣಿಯುತ್ತಾ ಹೋದೆ. ಅಲ್ಲಿನ ಮಿಸ್ ಶಾರ್ಲೀನ್ ಒಳ್ಳೆಯ ಹೆಂಗಸು, ನನಗಿಂತ ಹೆಚ್ಚು ಪೇಚಾಡಿದರು. "ಅಮ್ಮಾ, ಕೆಲಸ ಮಾಡ್ಬಹುದು ಅಂತಿರೋದು ಫ್ನುಗೆ. ನರ್ಸ್ ಅಂತಿರೋದು ಲೆಗಿನಾ ಲೆಗಿನಾಗೆ. ಕಂಪ್ಯೂಟರ್ ಇಬ್ರೂ ಬೇರೆ ಬೇರೆ ಅಂತಿದೆ. ನಂಗೊತ್ತು ನೀನೇ ಅಂತ, ಅದಕ್ಕೆ ಗೊತ್ತಿಲ್ವಲ್ಲ!" ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಹೇಳಿದ್ದು ಈ ಕಂಪ್ಯೂಟರನ್ನು ಕಂಡೇ ಇರಬೇಕು. ಅನುಮತಿ ಇರುವವಳಿಗೆ ಪರವಾನಗಿ ಇಲ್ಲ, ಪರವಾನಗಿ ಇರುವವಳಿಗೆ ಅನುಮತಿ ಇಲ್ಲ, ಸೂಜಿ ಚುಚ್ಚಲು ಬರುವವಳಿಗೆ ಎರಡೂ ಇಲ್ಲ. ಪರವಾನಗಿಯಲ್ಲಿ ತಮ್ಮ ಹೆಸರು ಹಾಕಿಸಿಕೊಡಿ ಎಂದು ಕೇಳಿದರೆ ಪರವಾನಗಿ ಕಚೇರಿಯಿಂದ ಬಂದ ಉತ್ತರ, ಫ್ನು ಎಂಬುದು ಹೆಸರಲ್ಲ. ಕಾರ್ಡಿನಿಂದ ತಮ್ಮನ್ನು ತೆಗೆಯಿರಿ ಎಂದು ಕಾರ್ಡು ಕೊಟ್ಟ ಕಚೇರಿಗೆ ಬರೆದರೆ ಬಂದ ಉತ್ತರ, ತಿದ್ದಲು ಆರು ತಿಂಗಳಾದರೂ ಬೇಕು. ನನ್ನ ಬಳಿ ಆಗ ಉಳಿದಿದ್ದು ಮೂವತ್ತೊಂದು ದಿನ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ನಮ್ರ ಬೇಡಿಕೆ ಏನೆಂದರೆ, ಅನುಮತಿಯಿರುವವರು ತಾವೇ ಆದ್ದರಿಂದ ತಾವೇ ದಯಮಾಡಿ ಕೆಲಸಕ್ಕೆ ಹೋಗಿಬನ್ನಿ. ಬೆಳಿಗ್ಗೆ ಏಳಕ್ಕೆ ನಾಲ್ಕನೇ ಮಹಡಿ. ಡಿಫಾಲ್ಕೊ ಅವರ ಎಡಗೈಯಲ್ಲಿ ನರ ಸಿಗುವುದಿಲ್ಲ, ಬಲಗೈ ನೋಡಿ. ಮಧ್ಯಾಹ್ನದ ಊಟಕ್ಕೆ ಹದಿನೈದು ನಿಮಿಷವೂ ಸಿಗುವುದಿಲ್ಲ, ತಮಗೆ ಹೊಟ್ಟೆಯೇ ಇಲ್ಲವಾದ್ದರಿಂದ ಅದೊಂದು ಅನುಕೂಲ. ಕಾಲು ಊದಿದರೆ ಉಪ್ಪುನೀರಿನಲ್ಲಿಡಿ. ಇಷ್ಟೂ ಆಗದಿದ್ದರೆ, ಆ ಕಂಪ್ಯೂಟರಿನ ಕಿವಿಯಲ್ಲಿ "ನಾನೂ ಅವಳೂ ಒಂದೇ" ಎಂದು ಒಂದು ಮಾತು ಹೇಳಿ. ತಾವು ಅದರ ಒಳಗೇ ಇರುವವರು, ನಾವೋ ಹೊರಗೆ ಕುರ್ಚಿಯ ಮೇಲೆ ಕೂತವರು.

ನಾನು ಹಾಗೆ ಕುರ್ಚಿಯ ಮೇಲೆ ಕೂತಿದ್ದ ಒಂದು ದಿನ, ತುರ್ತು ಬಾಗಿಲಿನಿಂದ ಒಬ್ಬ ಮನುಷ್ಯನನ್ನು ಹೊತ್ತು ತಂದರು. ಬಸ್ ನಿಲ್ದಾಣದಲ್ಲಿ ಬಿದ್ದಿದ್ದನಂತೆ; ಜೇಬಿನಲ್ಲಿ ಕಾಗದವಿಲ್ಲ, ಬಾಯಲ್ಲಿ ಮಾತಿಲ್ಲ. ಅರೆಕ್ಷಣದಲ್ಲಿ ಅವನಿಗೊಂದು ಹೆಸರು ಹುಟ್ಟಿಸಿ, ಕೈಗೆ ಪಟ್ಟಿ ಕಟ್ಟಿ, ನಾಲ್ವರು ಅವನ ಎದೆಯ ಮೇಲೆ ಬಿದ್ದು ಜೀವ ಉಳಿಸಿದರು. ಹೆಸರು ಗೊತ್ತಿಲ್ಲದ ರೋಗಿಯನ್ನು ಒಂದು ನಿಮಿಷವೂ ಕಾಯಿಸದ ಆ ಮನೆಯಲ್ಲಿ ಹೆಸರು ಗೊತ್ತಿರುವ ನರ್ಸ್ ಎರಡೂವರೆ ತಿಂಗಳಿಂದ ಕಾಯುತ್ತಿದ್ದಳು. ಒಂದು ಘಳಿಗೆ, ನಾನೂ ಹೋಗಿ ಆ ಬಾಗಿಲ ಮುಂದೆ ದೊಪ್ಪನೆ ಬಿದ್ದುಬಿಡಲೇ ಎನ್ನಿಸಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಕೊನೆಗೆ ಮಿಸ್ ಶಾರ್ಲೀನ್ ಅವರೇ ಒಂದು ದಾರಿ ಹೇಳಿದರು: "ನೀವಿಬ್ರೂ ಒಬ್ಬರೇ ಅಂತ ನೋಟರಿ ಮುಂದೆ ಪ್ರಮಾಣ ಮಾಡ್ಸು. ನಿನ್ನನ್ನ ಫ್ನು ಅಂತಾನೂ ಕರೀತೀವಿ ಅಂತ ಇಬ್ರು ಹಿರಿಯರು ಸಾಕ್ಷಿ ಹೇಳ್ಲಿ. ನಮ್ ವಕೀಲರಿಗೆ ತೋರಿಸ್ತೀನಿ. ಆಗೇ ಆಗುತ್ತೆ ಅಂತ ಮಾತು ಕೊಡಲ್ಲ." ಬುಡೆ ತಕ್ಷಣ ಟೊಂಕ ಕಟ್ಟಿದರು. ಆದರೆ ನಮ್ಮ ಬೀದಿಯ ಹಿರಿಯರಾದ, ಎಲ್ಲರೂ ಮರ್ಯಾದೆಗೆ 'ಪಾಕ್' ಎಂದು ಸೇರಿಸಿ ಕರೆಯುವ ಪಾಕ್ ಸರ್ಜಿಮಾನ್, ಶುಕ್ರವಾರ ಮಸೀದಿಯಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವವರು, ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಒಂದು ಸಲಾನೂ ಕರೀದೇ ಇರೋ ಹೆಸರನ್ನ ಕರೀತೀನಿ ಅಂತ ಆಣೆ ಇಡೋ ಮುದುಕ ನಾನಲ್ಲ ಪೊನಿರಾ. ಅದಕ್ಕೆ ಅರ್ಥಾನಾದ್ರೂ ಏನು?" "ಹೆಸರು ಗೊತ್ತಿಲ್ಲ ಅಂತ ಅರ್ಥ." "ಗೊತ್ತಿಲ್ಲದ್ದನ್ನ ಕೂಗೋದು ಹೆಂಗೆ?" ಬುಡೆ ಸೊಂಟದ ಮೇಲೆ ಕೈಯಿಟ್ಟು, "ಸರಿ, ಗೊತ್ತು ಮಾಡ್ಕೊಳ್ಳೋಣ" ಎಂದು ಅಕ್ಕಿ ನೆನೆಹಾಕಿದರು.

ಮೊನ್ನೆ ಮಂಗಳವಾರ, ಮಾನ್ಯರೇ, ತಮ್ಮ ನಾಮಕರಣ ನೆರವೇರಿತು. ಕೆಂಪು ಗಂಜಿ, ನಡುವೆ ಬಿಳಿ ಚುಕ್ಕೆ, ಏಳು ಮನೆಯವರು. ಪಾಕ್ ಸರ್ಜಿಮಾನ್ ದುವಾ ಓದಿ, ಗಂಜಿ ಉಂಡು, ಗಂಟಲು ಸರಿಮಾಡಿಕೊಂಡು, "ಫ್ನು, ನೀರು ಕೊಡಮ್ಮ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಇಡೀ ದಿನ ಇದೇ ಗದ್ದಲ: ಫ್ನು, ನನ್ನ ಚಪ್ಪಲಿ ಎಲ್ಲಿ, ಫ್ನು, ಸಂಬಲ್ ಖಾರ ಇತ್ತ ತಾ, ಫ್ನು, ನಿನ್ ಗಂಡನ ಹೆಸ್ರೂ ಗೊತ್ತಿಲ್ವಾ. ಸಂಜೆಯೊಳಗೆ ಯಾರು ಆಣೆ ಇಟ್ಟರೂ ಸುಳ್ಳಾಗದಷ್ಟು ಸಲ ಕರೆದಿದ್ದರು. ನಾನೂ ನಗುತ್ತಿದ್ದೆ, ಬುಡೆ ಊರಿಗೆ ಫೋನು ಹಚ್ಚಿ ಅಜ್ಜಿಯ ಮುಖ ತೋರಿಸುವವರೆಗೆ. ಎಲ್ಲ ಕೇಳಿದ ಅಜ್ಜಿ, "ಅಷ್ಟು ಕಷ್ಟಪಟ್ಟು ಇಳಿಸಿದ್ನಲ್ರೋ ಕೂಸಿನ ಮೇಲಿಂದ, ಮತ್ತೆ ಹೊರಿಸಿದ್ರಾ?" ಎಂದರು. ಆಮೇಲೆ, "ಜ್ವರ ಗಿರ ಬಂದ್ರೆ ಕೆಲ್ಸಾನೂ ಬೇಡ ಏನೂ ಬೇಡ, ತೆಗೆದು ಬಿಸಾಕ್ರಿ" ಎಂದರು. ನಾನು ಅಡುಗೆಮನೆಗೆ ಹೋಗಿ ತಟ್ಟೆ ತೊಳೆಯುತ್ತಾ ಅತ್ತೆ.

ಪ್ರಮಾಣಪತ್ರ ನಿನ್ನೆ ಬೆಳಿಗ್ಗೆ ಆಸ್ಪತ್ರೆಯ ವಕೀಲರ ಮೇಜಿಗೆ ಹೋಗಿದೆ. ಇನ್ನು ಆರು ದಿನ ಉಳಿದಿವೆ. ಅವರು ಒಪ್ಪದಿದ್ದರೆ ನನ್ನ ಪೆಟ್ಟಿಗೆ ಮಂಚದ ಕೆಳಗೇ ಇದೆ, ತಮಗೆ ಪೆಟ್ಟಿಗೆಯ ತೊಂದರೆಯೂ ಇಲ್ಲ. ನನ್ನ ಮಾತಿನಲ್ಲಿ ಎಲ್ಲಾದರೂ ಒರಟುತನ ಇಣುಕಿದ್ದರೆ ಚಿಕ್ಕವಳೆಂದು ಮನ್ನಿಸಬೇಕಾಗಿ, ಸಾಧ್ಯವಾದರೆ ಮರು ಟಪಾಲಿನಲ್ಲಿ ಉತ್ತರಿಸಬೇಕಾಗಿ ಕೋರುತ್ತಾ,

ತಮ್ಮ ವಿಶ್ವಾಸಿ ಹಾಗೂ ತಮ್ಮದೇ ಮನೆತನದ ಹೆಸರು,
ಲೆಗಿನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಿಸ್ ಶಾರ್ಲೀನ್ ಫೋನು ಮಾಡಿದರು. ವಕೀಲರು ಒಪ್ಪಿದ್ದಾರಂತೆ. ಸೋಮವಾರ, ಎಂಬತ್ತೆಂಟನೇ ದಿನ, ಬೆಳಿಗ್ಗೆ ಏಳಕ್ಕೆ ನಾಲ್ಕನೇ ಮಹಡಿ. ಬುಡೆ ಬೀದಿಗೆಲ್ಲ ಕೇಳುವಂತೆ ಕಿರುಚಿದರು. ಎದೆಗೆ ಹಾಕಿಕೊಳ್ಳುವ ಬ್ಯಾಡ್ಜೂ ಸಿದ್ಧವಾಗಿದೆಯಂತೆ. ಆಸ್ಪತ್ರೆಯ ಪದ್ಧತಿಯಂತೆ ಅದರಲ್ಲಿ ಮೊದಲ ಹೆಸರು ಪೂರ್ತಿ, ಮನೆತನದ ಹೆಸರಿಗೆ ಒಂದೇ ಅಕ್ಷರ: 'ಫ್ನು ಎಲ್.' ಅಜ್ಜಿ ಇಟ್ಟ ಹೆಸರಿನಲ್ಲಿ ನನಗೆ ಉಳಿದದ್ದು ಆ ಒಂದು ಅಕ್ಷರ. ಇರಲಿ, ಒಂದು ವರ್ಷದ ಮಟ್ಟಿಗೆ ಹೊರುತ್ತೇನೆ. ಬರುವ ಜೂನ್ ಹದಿನಾಲ್ಕಕ್ಕೆ ತಮ್ಮ ಅನುಮತಿ ಮುಗಿಯುತ್ತದೆ. ಆಮೇಲೆ, ಸಾಕು ಹೊರಡು ಎಂದು ಇಲ್ಲಿಯವರು ನಮ್ಮನ್ನು ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಬಹುದು. ನಾಲ್ಕು ವರ್ಷದಿಂದ ಪ್ರತಿಯೊಂದು ಸಾಲಿನಲ್ಲೂ ನನಗಿಂತ ಮುಂದೆ ನಿಂತವರು ತಾವು. ಆ ಸಾಲಿನಲ್ಲೂ ದಯವಿಟ್ಟು ತಾವೇ ಮುಂದೆ ನಿಲ್ಲಬೇಕಾಗಿ ವಿನಂತಿ.